ತೋರಿಸುವುದಕ್ಕಲ್ಲ, ತೂಗುವುದಕ್ಕೆ

ಕಾಶಿಯಾತ್ರೆಗೆ ಹೊರಟ ಮದುಮಗನಿಗೆ ತಲೆಯೇ ಇಲ್ಲ ಎಂದು ಪತ್ತೆ ಹಚ್ಚಿದವಳು ನನ್ನ ಹೆಂಡತಿ. ಎಡಿಟಿಂಗ್ ಮಾಡುತ್ತಿದ್ದವನಿಗೆ ಕಾಫಿ ತಂದಿಟ್ಟು, ಪರದೆ ನೋಡಿ, "ರೀ, ಛತ್ರಿ ಇದೆ, ಕೋಲಿದೆ, ಪಂಚೆ ಇದೆ. ಹುಡುಗ ಎಲ್ಲಿ?" ಅಂದಳು.

ತಪ್ಪು ನನ್ನದಲ್ಲ, ಬಿಸಿಲಿನದು. ಛತ್ರದ ಅಂಗಳದ ಹನ್ನೊಂದು ಗಂಟೆಯ ಬಿಸಿಲಲ್ಲಿ ನನ್ನ ಮಾನಿಟರಿನಲ್ಲಿ ಕಂಡದ್ದು ಮದುಮಗನಲ್ಲ, ನನ್ನದೇ ಮೀಸೆ. ಮೀಸೆಯನ್ನು ಫ್ರೇಮಿನ ನಡುವೆ ಇಟ್ಟುಕೊಂಡು ನಾನು ನಡೆದದ್ದು ಮಾತ್ರ ಅಪ್ಪಟ ನುಣುಪು.

ನಡೆಯುವಾಗ ಕ್ಯಾಮೆರಾ ಕುಲುಕದಂತೆ ಹಿಡಿಯುವ ಕಂಬ, ಅಂದರೆ ಸ್ಟೆಬಿಲೈಸರ್, ಹೊತ್ತವನು ಕ್ಯಾಮೆರಾಕ್ಕೆ ಕಣ್ಣು ಒತ್ತುವಂತಿಲ್ಲ. ಒತ್ತಿದರೆ ಅವನ ಹೆಜ್ಜೆಯ ಕುಲುಕಾಟವೆಲ್ಲ ಚಿತ್ರಕ್ಕೆ ಇಳಿಯುತ್ತದೆ. ಅದಕ್ಕೇ ಕ್ಯಾಮೆರಾ ಕಂಬದ ತುದಿಯಲ್ಲಿ, ಮಾನಿಟರು ಬುಡದಲ್ಲಿ. ಅಮೆರಿಕದ ಗ್ಯಾರೆಟ್ ಬ್ರೌನ್ ಕಂಡುಹಿಡಿದ ಸ್ಟೆಡಿಕ್ಯಾಮಿನ ಹಂಚಿಕೆಯೇ ಇದು. 1976ರ 'ರಾಕಿ' ಚಿತ್ರದಲ್ಲಿ ನಾಯಕ ಫಿಲಡೆಲ್ಫಿಯಾದ ಮ್ಯೂಸಿಯಂ ಮುಂದಿನ 72 ಮೆಟ್ಟಿಲು ಹತ್ತಿ ಓಡಿದಾಗ ಕ್ಯಾಮೆರಾ ತೇಲಿಕೊಂಡು ಹೋದದ್ದು ಇದರ ಮೇಲೆಯೇ. 1978ರಲ್ಲಿ ಈ ಯಂತ್ರಕ್ಕೆ ಆಸ್ಕರ್ ಕೂಡ ಬಂತು. ಹಳೆಯ ಸ್ಟೆಡಿಕ್ಯಾಮಿನವರದ್ದು ಹಸಿರು ಪರದೆಯ ದಪ್ಪ ಟ್ಯೂಬಿನ ಮಾನಿಟರು. ನಮ್ಮ ಕಣ್ಣಿಗೆ ಹಸಿರು ಚೆನ್ನಾಗಿ ತಟ್ಟುತ್ತದೆ, ಹಾಗಾಗಿ ಬಿಸಿಲಿನಲ್ಲೂ ಕಾಣುತ್ತಿತ್ತು. ಆ ನಾಯಕನಿಗೆ ತಲೆ ಉಳಿಯಿತು, ನಮ್ಮ ಮದುಮಗನಿಗೆ ಇಲ್ಲ.

ಸರಿ, ಹೊಸ ಮಾನಿಟರು ತಂದೆ. ಐದಿಂಚು, ತೆಳ್ಳಗೆ, 2000 ನಿಟ್ಸ್ ಬೆಳಕು. ಹಳೆಯದು 400 ನಿಟ್ಸಿನ ಏಳಿಂಚು ಮುದುಕ. ಹೊಸದನ್ನು ಮನೆಯಲ್ಲಿ ಹಚ್ಚಿದಾಗ ಹೆಂಡತಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಕರೆಂಟು ಹೋದಾಗ ಅಡುಗೆಮನೆಗೆ ಕೊಡಿ" ಅಂದಳು. ನಾನು ಹೆಮ್ಮೆಯಿಂದ ಸ್ಟೆಬಿಲೈಸರಿಗೆ ತಿರುಪು ಹಾಕಿ, ಕೈ ಬಿಟ್ಟೆ. ಅದು ಒಂದು ಕ್ಷಣ ಯೋಚನೆ ಮಾಡಿ ಶೀರ್ಷಾಸನ ಹಾಕಿತು. ಕ್ಯಾಮೆರಾ ಕೆಳಗೆ, 2000 ನಿಟ್ಸ್ ಮೇಲೆ.

ಗುಟ್ಟು ಆಗ ಹೊಳೆಯಿತು. ಈ ಯಂತ್ರದಲ್ಲಿ ಚಿತ್ರ ತೋರಿಸುವುದು ಮಾನಿಟರಿನ ಉಪಕಸುಬು. ಅದರ ನಿಜವಾದ ಕಸುಬು, ಬ್ಯಾಟರಿಯ ಜೊತೆ ಕೆಳಗೆ ಕೂತು ಮೇಲಿನ ಕ್ಯಾಮೆರಾವನ್ನು ತೂಗುವುದು. ಬುಡ ಕೂದಲೆಳೆಯಷ್ಟು ಹೆಚ್ಚು ಭಾರವಿರಬೇಕು, ಅಷ್ಟೆ. ಕಂಬವನ್ನು ಅಡ್ಡ ಹಿಡಿದು ಬಿಟ್ಟರೆ ಅದು ನೆಟ್ಟಗಾಗಲು ಎರಡು-ಮೂರು ಸೆಕೆಂಡು ತಗೊಳ್ಳಬೇಕು. ಬೇಗ ನಿಂತರೆ ಬುಡ ಭಾರ, ನಡೆದಾಗ ಗಡಿಯಾರದ ಲೋಲಕ. ನಿಲ್ಲದೇ ಹೋದರೆ ನನ್ನ ಕಥೆ.

ಎರಡೂ ಮಾನಿಟರು ಹೊತ್ತು ಕಿರಾಣಿ ಅಂಗಡಿಯ ತಕ್ಕಡಿಗೆ ಹೋದೆ. ಹಳೆಯದು ಬ್ಯಾಟರಿ, ಬಿಸಿಲು ತಡೆಯುವ ಹುಡ್ ಸಮೇತ 610 ಗ್ರಾಂ, ಹೊಸದು ತನ್ನ ಬ್ಯಾಟರಿ ಸೇರಿ 340. ರೇಟು ಕೇಳಿ ತಿಳಿದುಕೊಂಡ ಅಂಗಡಿಯವರು, "ಕಡಿಮೆ ತೂಕಕ್ಕೆ ಜಾಸ್ತಿ ದುಡ್ಡು ಕೊಟ್ಟು ಬಂದ ಗಿರಾಕಿ ನೀವೊಬ್ರೇ ಸಾರ್" ಅಂದರು.

ಕೊರತೆ 270 ಗ್ರಾಂ. ಮನೆಯ ಹುಂಡಿಯಲ್ಲಿ ಹಳೆಯ ಐದು ರೂಪಾಯಿಯ ದಪ್ಪ ನಾಣ್ಯಗಳಿದ್ದವು. ಒಂದೊಂದು ಒಂಬತ್ತು ಗ್ರಾಂ. ಲೆಕ್ಕ ಅಳೆದು ಸುರಿದಂತೆ 30 ನಾಣ್ಯ! ಸಾಲಾಗಿ ಜೋಡಿಸಿ, ಕರಿ ಟೇಪು ಸುತ್ತಿ, ಮಾನಿಟರಿನ ಕೆಳಗೆ ಕಟ್ಟಿದೆ. ಕಂಬ ನೆಟ್ಟಗೆ ನಿಂತಿತು. ನೂರೈವತ್ತು ರೂಪಾಯಿಯಲ್ಲಿ ಗೆದ್ದೆ.

ಗೆಲುವು ಮುಂದಿನ ಮದುವೆಯ ಧಾರೆಯವರೆಗೆ ಬಾಳಿತು. ಪುರೋಹಿತರು ತಾಂಬೂಲದ ಮೇಲೆ ಇಡಲು ನಾಣ್ಯ ಕೇಳಿದರು. ಈಗ ಎಲ್ಲರ ದುಡ್ಡೂ ಫೋನಿನಲ್ಲಿ. ಹುಡುಗಿಯ ಸೋದರಮಾವ ಜೇಬು ತಡಕಿ, ಅತ್ತಿತ್ತ ನೋಡಿದರು. ಟೇಪು ಸಡಿಲಿ ಇಣುಕುತ್ತಿದ್ದ ನನ್ನ ನಾಣ್ಯ ಅವರ ಕಣ್ಣಿಗೆ ಬಿತ್ತು. "ವಿಡಿಯೋದವ್ರೇ, ಎರಡು ಕೊಡ್ರಿ, ಆಮೇಲೆ ಕೊಡ್ತೀನಿ" ಅಂದವರು ಉತ್ತರಕ್ಕೂ ಕಾಯದೆ ಟೇಪು ಕಿತ್ತರು. ಎರಡು ದಕ್ಷಿಣೆಗೆ ಹೋದವು, ಉಳಿದವು ಮಂಟಪದ ತುಂಬ ಉರುಳಿದವು. ಧಾರೆಯ ಹೊತ್ತಿಗೆ ನನ್ನ ಕ್ಯಾಮೆರಾ ಭೂಮಿತಾಯಿಗೆ ನಮಸ್ಕರಿಸುತ್ತಿತ್ತು. ಮಕ್ಕಳು ಆರಿಸಿ ತಂದದ್ದು ಹನ್ನೊಂದು.

ಅದೇ ಹೊತ್ತಿಗೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ದೊಡ್ಡಪ್ಪ ಕಣ್ಣಿಗೆ ಬಿದ್ದರು. ಇಂಥ ಒಬ್ಬ ದೊಡ್ಡಪ್ಪ ಎಲ್ಲ ಮದುವೆಯಲ್ಲೂ ಇರುತ್ತಾರೆ. ಎಲೆ ಹಾಕುವುದಿಲ್ಲ, ಬಡಿಸುವುದಿಲ್ಲ, ಕೇಳಿದ್ದಕ್ಕೆಲ್ಲ "ಹ್ಞೂಂ" ಅನ್ನುತ್ತಾರೆ. ಅವರಿಂದ ಏನು ಉಪಯೋಗ ಅನ್ನಿಸುವುದು ಅವರು ಮುನಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಡುವ ತನಕ. ಹೊರಟರೋ, ಅಡುಗೆಭಟ್ಟರಿಂದ ಹಿಡಿದು ಓಲಗದವರ ತನಕ ಎಲ್ಲ ಅಡಿಮೇಲು.

ಮನೆಗೆ ಬಂದವನೇ ಅಟ್ಟದಿಂದ ಹಳೆಯ ಮಾನಿಟರು ಇಳಿಸಿದೆ. ಹುಡ್ ಕಳಚಿ, ಬ್ಯಾಟರಿ ತೆಗೆದರೆ 290 ಗ್ರಾಂ. ಹೆಚ್ಚಾದ ಇಪ್ಪತ್ತು ಗ್ರಾಮಿಗೆ ಕಂಬವನ್ನು ಹಿಡಿಯುವ ಗಿಂಬಲ್ ಕೀಲನ್ನು ಒಂಚೂರು ಕೆಳಗಿಳಿಸಿದೆ. ಅಡ್ಡ ಹಿಡಿದು ಬಿಟ್ಟೆ: ಒಂದು, ಎರಡು, ಎರಡೂವರೆ. ನೆಟ್ಟಗೆ ನಿಂತಿತು. ಈಗ ಹೊಸದು ತೋರಿಸುತ್ತದೆ, ಅದರಡಿ ಹಳೆಯದು ಕತ್ತಲು ಮುಖ ಹೊತ್ತು ಸುಮ್ಮನೆ ತೂಗುತ್ತದೆ.

ಮೊನ್ನೆಯ ಕಾಶಿಯಾತ್ರೆಯಲ್ಲಿ ಮದುಮಗ ತಲೆ ಸಮೇತ ಬಂದ. ಅವನಪ್ಪ ಮಾತ್ರ ನನ್ನ ಸೊಂಟದ ಹತ್ತಿರ ಬಗ್ಗಿ ನೋಡಿ, "ಎರಡೆರಡು ಟಿವಿ ಯಾಕಪ್ಪಾ? ಕೆಳಗಿಂದು ಓಡ್ತಾನೇ ಇಲ್ವಲ್ಲ" ಅಂದರು.

"ಅದು ದೊಡ್ಡಪ್ಪ, ಸಾರ್" ಅಂದೆ.