ಹೊಸ ಕರ್ನೆಲ್ ಮಹಾಶಯರಿಗೊಂದು ಬಹಿರಂಗ ಪತ್ರ

ಪೆದ್ದಕಡುಬೂರು,
ಕರ್ನೂಲು ಜಿಲ್ಲೆ

ಮಾನ್ಯ ಹೊಸ ಕರ್ನೆಲ್ ಮಹಾಶಯರಿಗೆ,

ನಮ್ಮ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ, ಅದರ ಲಿನಕ್ಸ್ ವ್ಯವಸ್ಥೆಯ ಹೃದಯವಾಗಿ, ತಾವು ದಯಮಾಡಿಸಿದ್ದಕ್ಕೆ ಮೊದಲು ಅಭಿನಂದನೆಗಳು. ಅಪ್‌ಡೇಟಿನ ಜೊತೆ ಕರೆಯದೆ ಬಂದಿರಿ, ಭದ್ರತೆಗಾಗಿ ಬಂದೆ ಎಂದಿರಿ. ಹಗಲೆಲ್ಲ ನಾನು ಪ್ರಿಂಟ್ ತೆಗೆಯುತ್ತಿದ್ದಾಗ ಹಿಂದಿನಿಂದ ಸದ್ದಿಲ್ಲದೆ ಇಳಿದು ಕೂತಿದ್ದು ತಮ್ಮ ದೊಡ್ಡತನ. ಮರುದಿನ ಬೆಳಿಗ್ಗೆ ಷಟರ್ ಎತ್ತಿ ಸ್ವಿಚ್ ಒತ್ತಿದರೆ ಕಪ್ಪು ಪರದೆಯ ತುಂಬ ಬಿಳಿ ಅಕ್ಷರ, ಕೊನೆಗೆ ‘ಕರ್ನೆಲ್ ಪ್ಯಾನಿಕ್’ ಎಂಬ ಘೋಷಣೆ. ಜಮೀನಿನ ದಾಖಲೆಯಾದ ಒನ್-ಬಿಯ ಪ್ರತಿಗೆಂದು ನಿಂತಿದ್ದ ರೈತರಲ್ಲಿ ಒಬ್ಬರೂ ಗಾಬರಿಯಾಗಿರಲಿಲ್ಲ, ಗಾಬರಿಯಾದವರು ತಾವೊಬ್ಬರೇ.

“ಏನಪಾ, ಡಬ್ಬಿ ಸತ್ತೈತೇನು?” ಎಂದರು ಹಿರಿಯರೊಬ್ಬರು.

“ಇಲ್ಲ ತಾತ, ಸುಧಾರಿಸೈತಿ” ಎಂದೆ.

ತಮ್ಮ ಕುಲದ ಬಗ್ಗೆ ನನಗೆ ಗೌರವವಿದೆ. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ, ಹೆಲ್ಸಿಂಕಿಯಲ್ಲಿ ಇನ್ನೂ ಓದುತ್ತಿದ್ದಾಗಲೇ, ತಮ್ಮ ಮೂಲಪುರುಷನನ್ನು ಬರೆದರು. ಈಗ ಒಂಬತ್ತು ಹತ್ತು ವಾರಕ್ಕೊಮ್ಮೆ ತಮ್ಮ ಮನೆಯಲ್ಲಿ ನಾಮಕರಣ. ಇಷ್ಟು ದೊಡ್ಡ ವಂಶದ ಕುಡಿ ನನ್ನ ಮೇಜಿನ ಮೇಲೆ ಏನು ಹೇಳಿತೆಂದರೆ, ಮೂಲ ಕಡತವ್ಯವಸ್ಥೆಯನ್ನು ಜೋಡಿಸಿಕೊಳ್ಳಲಾಗಲಿಲ್ಲ, ಡಿಸ್ಕ್ ‘ಅಪರಿಚಿತ’, ಅದರ ಸಂಖ್ಯೆ ಸೊನ್ನೆ ಕಾಮಾ ಸೊನ್ನೆ. ಹಿಂದಿನ ದಿನ ಸಂಜೆಯವರೆಗೂ ಅದೇ ಡಿಸ್ಕಿನಿಂದ ಕೆಲಸ ಸಾಗಿತ್ತು, ಸ್ವಾಮಿ. ಗುರುತು ಮರೆತವರು ತಾವು.

ಕಾರಣ ದೊಡ್ಡದೇನಲ್ಲ. ಡಿಸ್ಕನ್ನು ಮುಟ್ಟುವ ಮೊದಲು ತಮಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಕಡತ ಬೇಕು. ಡಿಸ್ಕನ್ನು ಗುರುತಿಸುವ ಡ್ರೈವರುಗಳು ಇರುವುದು ಅದರಲ್ಲೇ. ತಾವು ಬಂದಿಳಿದಾಗ ಅದನ್ನೂ ತಯಾರಿಸಿ ಬೂಟ್ ವಿಭಾಗದಲ್ಲಿ ಇಡಬೇಕು. ಆದರೆ ಆ ಕಿರಿದಾದ ವಿಭಾಗದಲ್ಲಿ ತಮ್ಮ ಹಿಂದಿನವರೆಲ್ಲ ಆಗಲೇ ಕಾಲು ಚಾಚಿ ಮಲಗಿದ್ದರು. ಜಾಗ ಸಾಲಲಿಲ್ಲ. ತಾವೇನೋ ಪೂರ್ತಿ ಒಳಗೆ ಬಂದಿರಿ, ತಮ್ಮ ಗಂಟು ಮಾತ್ರ ಹೊರಗೇ ಉಳಿಯಿತು. ಹಾಗಿದ್ದೂ ಯಾವ ಕರ್ನೆಲ್ ಏಳಬೇಕೆಂದು ಆರಿಸುವ ಗ್ರಬ್ ಮೆನುವಿನಲ್ಲಿ ಮೊದಲ ಹೆಸರು ತಮ್ಮದೇ ಆಗಿತ್ತಲ್ಲ, ಆ ಆತ್ಮವಿಶ್ವಾಸಕ್ಕೆ ನನ್ನ ನಮಸ್ಕಾರ.

ಬದುಕಿಸಿದ್ದು ಹಳಬ. ಸ್ವಿಚ್ ಒತ್ತಿದ ಕೂಡಲೇ ಶಿಫ್ಟ್ ಕೀ ಅದುಮಿ ಹಿಡಿದೆ (ಯುಇಎಫ್‌ಐ ಇರುವ ಹೊಸ ಯಂತ್ರಗಳಲ್ಲಿ ಎಸ್ಕೇಪ್ ಒತ್ತಬೇಕು). ಗ್ರಬ್ ಮೆನು ಕಾಣಿಸಿತು. ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬ ಹೆದರಿಸುವ ಹೆಸರಿನ ಕೆಳಗೆ, ಪೆನ್ಷನ್‌ಗೆ ಕಾದವನ ಹಾಗೆ, ಹಿಂದಿನ ಕರ್ನೆಲ್ ಕೂತಿತ್ತು. ಎಂಟರ್ ಒತ್ತಿದೆ, ಒಂದು ಮಾತೂ ಆಡದೆ ಎದ್ದು ಕೆಲಸಕ್ಕೆ ನಿಂತಿತು. ಆಮೇಲೆ ಡಿಸ್ಕಿನ ಜಾಗ ತೋರಿಸುವ ಡಿಎಫ್ ಆಜ್ಞೆ ಕೊಟ್ಟರೆ ಬೂಟ್ ವಿಭಾಗ ನೂರಕ್ಕೆ ನೂರು ಭರ್ತಿ. ಬೇಡದ ಹಳೆಯ ಕರ್ನೆಲ್‌ಗಳನ್ನು ಆಟೋರಿಮೂವ್‌ನಿಂದ ಕಳಿಸಿ, ಅರ್ಧಕ್ಕೆ ನಿಂತ ಪ್ಯಾಕೇಜುಗಳ ಕೆಲಸ ಮುಗಿಸಿ, ತಮ್ಮ ಗಂಟನ್ನು ಹೊಸದಾಗಿ ಕಟ್ಟಿಸಿ, ಗ್ರಬ್ ಪಟ್ಟಿಯನ್ನೂ ನವೀಕರಿಸಿದೆ. ಅಷ್ಟರಲ್ಲಿ ತಾತ ಆದವಾನಿ ಬಸ್ಸು ಹತ್ತಿ ಹೋಗಿಯಾಗಿತ್ತು.

ಅಪ್‌ಡೇಟ್ ನಮ್ಮ ಸೀಮೆಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಇತ್ತ ಬಂದವು. ಬಳ್ಳಾರಿ ಜಿಲ್ಲೆಯಲ್ಲಿ ಮಲಗಿದ ಆದವಾನಿಯವರು ಕರ್ನೂಲು ಜಿಲ್ಲೆಯಲ್ಲಿ ಎದ್ದರು. ಹಳೆಯ ಆವೃತ್ತಿ ಆರಿಸಲು ಆಗ ಯಾವ ಮೆನುವೂ ಇರಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ನಾವೇ ಹೊಂದಿಕೊಂಡೆವು. ತಮ್ಮಲ್ಲಿ ಮೆನು ಇದೆ. ಇದ್ದೂ ಅದನ್ನು ಬಚ್ಚಿಡುವುದೇಕೆ?

ತಾವು ಒಬ್ಬರೇ ಹೀಗೆ ಎಂದೂ ಹೇಳಲಾರೆ. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಕೆಟ್ಟ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಎಷ್ಟೋ ಕಡೆ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಕಡತ ಅಳಿಸಬೇಕಾಯಿತು. ಶ್ರೀಮಂತರ ಮನೆಯ ಮದುವೆಯಲ್ಲೂ ಕರೆಂಟ್ ಹೋಗುತ್ತದೆ ಎಂದು ನಮ್ಮಂಥವರಿಗೆ ಆವತ್ತು ಒಂಚೂರು ಸಮಾಧಾನ.

ಇನ್ನೊಂದು ಸುದ್ದಿ ಕೇಳಿದೆ. 6.12ನೇ ಆವೃತ್ತಿಯಿಂದ ತಾವು ಪ್ಯಾನಿಕ್ ಆದಾಗ ಪರದೆಯ ಮೇಲೆ ಕ್ಯುಆರ್ ಕೋಡ್ ತೋರಿಸುವ ಏರ್ಪಾಡಾಗಿದೆಯಂತೆ. ದೋಷದ ವಿವರ ಅದರಲ್ಲಿರುತ್ತದೆ, ಒಳ್ಳೆಯದೇ. ಆದರೆ ದಯವಿಟ್ಟು ನಮ್ಮ ಅಂಗಡಿಯಲ್ಲಿ ಬೇಡ. ಇಲ್ಲಿ ಕ್ಯುಆರ್ ಕಂಡರೆ ಜನ ದುಡ್ಡು ಹಾಕಲು ಫೋನ್ ತೆಗೆಯುತ್ತಾರೆ, ಕೆಲಸವಾಗದ ದಿನ ಅವರ ಮುಖಕ್ಕೆ ನಾನು ಏನು ಹೇಳಲಿ?

ನನ್ನ ಬೇಡಿಕೆ ಇಷ್ಟೇ. ಮುಂದಿನ ಬಾರಿ ಬರುವ ಮುನ್ನ ಬೂಟ್ ವಿಭಾಗದಲ್ಲಿ ಜಾಗವಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಬಾಗಿಲಲ್ಲೇ ಹೇಳಿ. ಗ್ರಬ್ ಮೆನುವನ್ನು ಐದು ಸೆಕೆಂಡು ಕಾಣುವಂತೆ ನಾನಂತೂ ಬದಲಿಸಿಟ್ಟಿದ್ದೇನೆ.

ಇಂತಿ ತಮ್ಮ ವಿಧೇಯ,
ಪೆದ್ದಕಡುಬೂರಿನ ಜೆರಾಕ್ಸ್ ಅಂಗಡಿಯವ

ತಾ.ಕ.: ಇದನ್ನು ಓದುವ ಲಿನಕ್ಸ್ ಬಳಕೆದಾರರೇ, ಹೊಸ ಕರ್ನೆಲ್ ಒಮ್ಮೆಯಾದರೂ ಸರಿಯಾಗಿ ಏಳುವ ತನಕ ಕೆಲಸ ಮಾಡುತ್ತಿರುವ ಹಳೆಯದನ್ನು ಅಳಿಸಬೇಡಿ.