ಚೋರ ಕಿಸೆ

ಎರಡೂವರೆ ಮೀಟರ್ ಬಿಳಿ ಖಾದಿ ಬಗಲಲ್ಲಿ ಹಿಡಿದುಕೊಂಡು ಜತ್ತದ ಪೇಟೆಯಲ್ಲಿ ನಮ್ಮ ಕಾಯಂ ಶಿಂಪಿಗನ ಅಂಗಡಿಗೆ ಹೋದ ದಿನ ನನ್ನ ಮುಖದ ಮೇಲೆ ಏನೋ ಒಂದು ಕಳೆ ಇದ್ದಿರಬೇಕು. "ಯಾಕ್ರೀ ಮಾಸ್ತರ್ರ, ಜ್ವರಾ ಬಂದಾವೇನು?" ಅಂದ. ಜ್ವರವಲ್ಲಪ್ಪ, ವೈರಾಗ್ಯ ಎಂದು ಹೇಳುವುದು ಹೇಗೆ? "ಅಂಗಿ ಹೊಲಿ. ಕಿಸೆ ಬ್ಯಾಡ" ಅಂದೆ.

"ಎಡಕ್ಕ ಬ್ಯಾಡೋ, ಬಲಕ್ಕ ಬ್ಯಾಡೋ?"

"ಎಲ್ಲಿಯೂ ಬ್ಯಾಡ."

ಕಿಸೆಯ ಕೆಲಸ ಉಳಿದದ್ದಕ್ಕೆ ಕೂಲಿಯಲ್ಲಿ ಹತ್ತು ರೂಪಾಯಿ ಬಿಟ್ಟಾನು ಎಂಬ ಆಸೆ ನನಗೆ. ವೈರಾಗ್ಯಕ್ಕೂ ಚೌಕಾಸಿಗೂ ಅಂಥ ಜಗಳವೇನಿಲ್ಲ, ನೋಡಿ. ಅವನು "ಅಂಗಿಗೆ ಕಿಸೆ ಇಲ್ಲಂದ್ರ ನನಗ ಹೊಟ್ಟಿನೂ ಇಲ್ಲೇನ್ರಿ?" ಎಂದು ಪೂರಾ ಕೂಲಿ ಎಣಿಸಿಕೊಂಡ.

ಇದು 2018ರ ಮಾತು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರಿಗೆ ಆ ವರ್ಷ ಪದ್ಮಶ್ರೀ ಘೋಷಣೆಯಾಯಿತು; ಸನ್ಯಾಸಿಗೆ ಪ್ರಶಸ್ತಿ ಬೇಡ ಎಂದು ಅವರು ಪ್ರಧಾನಿಗೆ ವಿನಯದ ಒಂದು ಕಾಗದ ಬರೆದು ಸುಮ್ಮನಾದರು. ಅವರು ಹುಟ್ಟಿದ ಬಿಜ್ಜರಗಿ ಮಹಾರಾಷ್ಟ್ರದಲ್ಲಿರುವ ನಮ್ಮ ಜತ್ತದ ಗಡಿಗೆ ದೂರವೇನಲ್ಲ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಪ್ರವಚನ ಹೇಳುತ್ತಿದ್ದುದರಿಂದ ನಮ್ಮಂಥ ಎರಡು ನಾಲಿಗೆಯ ಸೀಮೆಯವರಿಗೆ ಅವರು ಮನೆಯ ಹಿರಿಯರ ಹಾಗೆ. ಅವರ ಅಂಗಿಗೆ ಕಿಸೆ ಇರಲಿಲ್ಲ. ಇಡುವುದಕ್ಕೆ ಏನೂ ಇಲ್ಲದ ಮೇಲೆ ಕಿಸೆಯಾದರೂ ಯಾಕೆ? ಪದ್ಮಶ್ರೀ ಬೇಡ ಎನ್ನುವ ಯೋಗ ನನಗಂತೂ ಬರುವಂತಿರಲಿಲ್ಲ. ತಾಲೂಕು ಮಟ್ಟದ ಆದರ್ಶ ಶಿಕ್ಷಕ ಪ್ರಶಸ್ತಿಗೆ ನನ್ನ ಪ್ರಸ್ತಾವವನ್ನು ನಾನೇ ಬರೆದು, ನನ್ನ ಗುಣಗಾನ ಎರಡು ಪುಟದಲ್ಲಿ ಹಿಡಿಸದೆ ಮೂರನೆಯದನ್ನು ಅಂಟಿಸಿ ಕಳಿಸಿದವನು ನಾನು. ಆದರೆ ಕಿಸೆ ಬಿಡುವುದು ಸುಲಭ ಎನ್ನಿಸಿತು.

ಮೊದಲ ದಿನವೇ ಎಸ್‌ಟಿ ಬಸ್ಸಿನಲ್ಲಿ ಫಜೀತಿ. ದುಡ್ಡನ್ನು ಕರವಸ್ತ್ರದಲ್ಲಿ ಗಂಟು ಹಾಕಿ, ಕರವಸ್ತ್ರವನ್ನು ಚೀಲಕ್ಕೆ ಹಾಕಿ, ಚೀಲವನ್ನು ಸೀಟಿನ ಮೇಲಿನ ಅಟ್ಟಕ್ಕೆ ಏರಿಸಿದ್ದೆ. ಚೀಲದ ಮೇಲೆ ಯಾರೋ ಗುಡ್ಡಾಪುರದ ದಾನಮ್ಮನ ದರ್ಶನ ಮುಗಿಸಿ ಬಂದವರು ತೆಂಗಿನಕಾಯಿಯ ಗಂಟು ಇಟ್ಟಿದ್ದರು. ಕಂಡಕ್ಟರು ಮೊದಲು ಮರಾಠಿಯಲ್ಲಿ ಕೇಳಿದ, ಆಮೇಲೆ ಕನ್ನಡದಲ್ಲಿ ಕೇಳಿದ, ಕಡೆಗೆ ಬರೀ ಕಣ್ಣಿನಲ್ಲಿ ಕೇಳಿದ. ನಾನು ಅಭ್ಯಾಸಬಲದಿಂದ ಎದೆ ತಡವಿಕೊಳ್ಳುತ್ತಿದ್ದೆ. ಪಕ್ಕದ ಅಜ್ಜ "ಎದಿ ನೋಯಾಕತ್ತದೇನ್ರಿ?" ಎಂದು ನೀರಿನ ಬಾಟಲಿ ಮುಂದೆ ಮಾಡಿದ.

ಮನೆಗೆ ಬಂದು ಹೇಳಿದರೆ ಹೆಂಡತಿ ನಗಲಿಲ್ಲ. ಅದೇ ಹೆಚ್ಚು ನೋಯಿಸಿತು. ಸೂಜಿ ದಾರ ತಂದು, ಅಂಗಿಯ ಒಳಮಗ್ಗುಲಿಗೆ, ಹೊರಗೆ ಒಂದು ಎಳೆಯೂ ಕಾಣದ ಹಾಗೆ, ಪುಟ್ಟದೊಂದು ಚೋರ ಕಿಸೆ ಹಚ್ಚಿಕೊಟ್ಟಳು. "ಮಂದಿಗೆ ಸನ್ಯಾಸಿ, ಕಂಡಕ್ಟರಗ ಸಂಸಾರಿ. ಸಾಕಲ್ಲ?" ಸಾಕಾಯಿತು. ಶಾಲೆಯಲ್ಲಿ ಗೆಳೆಯರು ಕಿಸೆ ಎಲ್ಲಿ ಅಂದರೆ ತುಟಿಯಲ್ಲಿ ಮಂದಹಾಸ ತಂದುಕೊಳ್ಳುವುದನ್ನೂ ಕಲಿತೆ.

ಚೋರ ಕಿಸೆ ಎಂದಾಗ ನೆನಪಾಯಿತು. 2012ರಲ್ಲಿ ನಮ್ಮ ತಾಲೂಕಿನ ನಲವತ್ತರಷ್ಟು ಹಳ್ಳಿಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಠರಾವು ಮಾಡಿದ್ದವು. ಹತ್ತು ವರ್ಷ ಅದು ಕಡತದೊಳಗೆ ಮಲಗಿತ್ತು. 2022ರಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಎಬ್ಬಿಸಿದಾಗ ಎರಡೂ ಕಡೆಯ ಟಿವಿಯವರು ನಮ್ಮೂರಿನ ದಾರಿ ಕೇಳಿಕೊಂಡು ಬಂದರು. ಆ ಹಳ್ಳಿಗಳವರನ್ನು ಅವಕಾಶವಾದಿಗಳು ಅಂದವರುಂಟು. ನನಗೆ ಹಾಗನ್ನಿಸುವುದಿಲ್ಲ. ಭಾಷೆಯ ಅಭಿಮಾನದ ಶಾಲು ಹೊದೆಯದೆ, ನಮಗೆ ಬೇಕಾದದ್ದು ನೀರು ಎಂದು ಬಿಚ್ಚಿ ಬರೆದ ಕಾಗದ ಅದು. ಅದಕ್ಕೆ ಒಳಕಿಸೆ ಇರಲಿಲ್ಲ.

ನನ್ನದಕ್ಕೆ ಇತ್ತು. ಜೂನ್ ಬಂತೆಂದರೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮಾಸ್ತರರಿಗೆ ಮನೆಮನೆ ತಿರುಗುವ ಕಾಲ. ಹಾಜರಿ ಪಟದಲ್ಲಿ ಮಕ್ಕಳ ಹೆಸರು ಕಡಿಮೆಯಾದರೆ ಶಾಲೆಯೇ ಇರುವುದಿಲ್ಲ. ನಮ್ಮ ಮಕ್ಕಳ ಕನ್ನಡ ಪುಸ್ತಕ ಅಚ್ಚು ಹಾಕಿಸುವುದು ಪುಣೆಯ ಬಾಲಭಾರತಿ. ಜತ್ತ, ಅಕ್ಕಲಕೋಟ ಕಡೆಯ ಊರುಗಳು ಮೈಸೂರು ರಾಜ್ಯಕ್ಕೆ ಸೇರಲಿ ಎಂದು ಗಡಿ ತಂಟೆ ಪರಿಶೀಲಿಸಿದ ಮಹಾಜನ ಆಯೋಗ ಹೇಳಿದ್ದೂ, ಬಾಲಭಾರತಿ ಹುಟ್ಟಿದ್ದೂ ಒಂದೇ ವರ್ಷ, 1967ರಲ್ಲಿ. ವರದಿ ಬೀರುವಿನಲ್ಲಿ ಉಳಿಯಿತು, ಪುಸ್ತಕ ಮಾತ್ರ ಪ್ರತಿ ಜೂನಿಗೆ ಬರುತ್ತದೆ. ಇದನ್ನೆಲ್ಲ ನಾನು ಜಗಲಿಯಿಂದ ಜಗಲಿಗೆ ಭಾಷಣವಾಗಿ ಒಪ್ಪಿಸುತ್ತಿದ್ದೆ. ತಾಯಿನುಡಿ, ಬೇರು, ಚಿಗುರು, ಎಲ್ಲ. ಬಿಳಿ ಅಂಗಿಯಿಂದ ಅದಕ್ಕೊಂದು ತೂಕವೂ ಬಂದಿತ್ತು.

ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಶೇಂಗಾ ಒಡೆಯುತ್ತ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡಳು, ಒಂದು ಹಿಡಿ ಶೇಂಗಾ ಕೊಟ್ಟಳು, ಆಮೇಲೆ "ನಿಮ್ಮ ಹುಡುಗ ಯಾವ ಸಾಳಿಗಿ ಹೋಗತಾನ್ರಿ ಮಾಸ್ತರ್ರ?" ಅಂದಳು.

ನನ್ನ ಕೈ ತಾನಾಗಿಯೇ ಎದೆಗೆ ಹೋಯಿತು. ಒಳಗೆ, ಚೋರ ಕಿಸೆಯಲ್ಲಿ, ಕಾಗದ ಸರಕ್ಕೆಂದಿತು. ಅಂದು ಬೆಳಿಗ್ಗೆ ತಾನೇ ಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ಮಗನ ಫೀ ತುಂಬಿ ಇಟ್ಟುಕೊಂಡ ಪಾವತಿ ಅದು.

ಸುಳ್ಳು ಹೇಳಬಹುದಿತ್ತು, ಒಳ್ಳೆಯವೇ ಎರಡು ಮೂರು ಹೊಳೆದಿದ್ದವು. ಆದರೆ ಬಾಯಿ ತುಂಬ ಶೇಂಗಾ ಇತ್ತು, ನುಂಗುವಷ್ಟರಲ್ಲಿ ನಿಜವೇ ಹೊರಗೆ ಬಂತು. ಅಜ್ಜಿ ಬೈಯಲಿಲ್ಲ. "ಹೂಂ, ಎಲ್ಲಾರೂ ಹಂಗ" ಎಂದು ಮುಂದಿನ ಕಾಯಿ ಒಡೆದಳು. ಆ "ಎಲ್ಲಾರೂ" ಎಂಬ ಮಾತು ಮನೆಯ ತನಕ ನನ್ನ ಹಿಂದೆಯೇ ಬಂತು.

ರಾತ್ರಿ ಹೆಂಡತಿಗೆ ಹೇಳಿದೆ. ಮಗನನ್ನು ಬಿಡಿಸಿಬಿಡೋಣ ಎಂದು ವೀರಾವೇಶದಲ್ಲಿ ಎದ್ದೂ ನಿಂತೆ. "ನಿಮ್ಮ ಅಂಗಿ ಬದಲಾದಾಗೆಲ್ಲ ಹುಡುಗನ ಸಾಳಿ ಬದಲ್ಮಾಡಬ್ಯಾಡ್ರಿ" ಅಂದಳು. ಮಗನಿಗೆ ಅಲ್ಲಿ ಗೆಳೆಯರಾಗಿದ್ದರು, ಅಲ್ಲಿಯೇ ಉಳಿದ. ಮರುವರ್ಷ ಮಗಳಿಗೆ ಆರು ತುಂಬಿತು. ಅವಳ ಕೈ ಹಿಡಿದುಕೊಂಡು ನನ್ನ ಶಾಲೆಗೇ ಹೋಗಿ, ಪಟದಲ್ಲಿ ಹೆಸರು ಬರೆದೆ. ಕೈ ಸ್ವಲ್ಪ ನಡುಗಿತು, ಸುಳ್ಳೇಕೆ. ಈಗಲೂ ಅವಳು ಅಣ್ಣನ ಇಂಗ್ಲಿಷ್ ಕೇಳಿ ಮುಖ ಸಣ್ಣ ಮಾಡಿದಾಗ ನನಗೆ ರಾತ್ರಿ ನಿದ್ದೆ ತಡವಾಗುತ್ತದೆ. ಅವಳು ಕನ್ನಡದಲ್ಲಿ ಅವನನ್ನು ಬೈಯುವುದು ಕೇಳಿದಾಗ ಬೇಗ ಬರುತ್ತದೆ.

ಆ ಅಜ್ಜಿಯ ಮೊಮ್ಮಗಳು ಮಗಳ ಪಕ್ಕದಲ್ಲಿಯೇ ಕೂತಳು. ಅದರಲ್ಲಿ ನನ್ನ ಭಾಷಣದ ಪಾಲು ಇಲ್ಲ.

ಸ್ವಾಮೀಜಿಯವರು 2023ರ ಜನವರಿ 2ರಂದು ಹೋದರು, ತಮಗೆ ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟು. ನನ್ನ ಅಂಗಿ ಕೊರಳಪಟ್ಟಿಯಲ್ಲಿ ಹರಿದಿದೆ, ಆದರೂ ಹಾಕಿಕೊಳ್ಳುತ್ತೇನೆ. ಚೋರ ಕಿಸೆಯನ್ನು ಬಿಚ್ಚಿಸಿಲ್ಲ. ಎಸ್‌ಟಿ ಕಂಡಕ್ಟರನಿಗೆ ಚಿಲ್ಲರೆ ಬೇಕಲ್ಲ.