ಮಿಸ್ ವಿಲ್ ಬ್ರಿಂಗ್ ಮೈಸೂರ್ ಪಾಕ್

ಚೆನ್ನೈನ ಪೆರಂಬೂರಿನ ಒಂದು ಶಾಲೆಯಲ್ಲಿ ನಾನು ಮೂರನೇ ಕ್ಲಾಸಿನ ಇಂಗ್ಲಿಷ್ ಮಿಸ್. ಯಜಮಾನರ ರೈಲ್ವೆ ನೌಕರಿ ನನ್ನನ್ನು ಮೈಸೂರಿನಿಂದ ಎತ್ತಿ ಇಲ್ಲಿ ಇಳಿಸಿತು. ನನಗೆ ತಮಿಳು ಅಷ್ಟಕ್ಕಷ್ಟೆ, ಮಕ್ಕಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೇಗೋ ಕೈಕೈ ಹಿಡಿದು ವರ್ತಮಾನಕಾಲ ದಾಟಿದೆವು. ಸೆಪ್ಟೆಂಬರಿನಲ್ಲಿ, ಕ್ವಾರ್ಟರ್ಲಿ ಪರೀಕ್ಷೆಗೆ ಹತ್ತು ದಿನವಿದೆ ಎನ್ನುವಾಗ, ಭವಿಷ್ಯತ್ಕಾಲ ಎದುರು ಬಂದು ನಿಂತಿತು.

ಪಾಠಕ್ಕೆ ಮುಂಚೆ ನನ್ನ ಮನೆಮಾತಿನಲ್ಲಿ ಈ ಸರಕು ಎಷ್ಟಿದೆ ಎಂದು ತಡಕಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿತ್ತು: ವರ್ತಮಾನಕ್ಕೆ ‘ಉತ್ತ’, ಭೂತಕ್ಕೆ ‘ದ’, ಭವಿಷ್ಯತ್ತಿಗೆ ‘ವ’, ‘ಉವ’. ಬರುವೆನು, ತರುವೆನು. ಆದರೆ ಯಜಮಾನರು ಎಂದಾದರೂ ‘ಸಂಜೆ ತರಕಾರಿ ತರುವೆನು’ ಎಂದರೆ ನಾನು ಮೊದಲು ಅವರ ಹಣೆ ಮುಟ್ಟಿ ಜ್ವರ ನೋಡುತ್ತೇನೆ. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ಎರಡಕ್ಕೂ ನಮ್ಮಲ್ಲಿ ಒಂದೇ ‘ಬರ್ತೀನಿ’. ಅವಸರ ಹೆಚ್ಚಾದರೆ ಭವಿಷ್ಯವನ್ನು ಬಿಟ್ಟು ಭೂತಕ್ಕೇ ಹಾರುತ್ತೇವೆ. ಗೇಟಿನ ಹತ್ತಿರ ಆಟೊ ನಿಂತಿದೆ, ನಾನಿನ್ನೂ ಜಡೆ ಹೆಣೆಯುತ್ತಿದ್ದೇನೆ, ಬಾಯಿ ಮಾತ್ರ ‘ಬಂದೆ, ಬಂದೆ’ ಅನ್ನುತ್ತಿದೆ. ತಮಿಳರೇನೂ ಕಡಿಮೆಯಿಲ್ಲ. ಆಟೊದವನು ಫೋನಿನಲ್ಲಿ ‘ಇದೋ ವಂದುಟ್ಟೇನ್’ ಎಂದಾಗ ಅವನಿನ್ನೂ ವಿಲ್ಲಿವಾಕ್ಕಂನಲ್ಲಿ ಚಹಾ ಕುಡಿಯುತ್ತಿರುತ್ತಾನೆ.

ಇಂಗ್ಲಿಷಿನ ಸಂಸಾರವೂ ಅಷ್ಟೇನೂ ಭದ್ರವಲ್ಲ. ಅದರ ಕ್ರಿಯಾಪದಕ್ಕೆ ಭವಿಷ್ಯತ್ತಿನ ಪ್ರತ್ಯಯವೇ ಇಲ್ಲ, ಪಕ್ಕದಲ್ಲೊಂದು ಊರುಗೋಲು ಬೇಕು. ‘ವಿಲ್’ ಎಂದರೆ ಮೂಲದಲ್ಲಿ ಬಯಸುವುದು. ‘ಶ್ಯಾಲ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಬಾಕಿ ಇರುವುದು, ಅಂದರೆ ಸಾಲ! ಶ್ಯಾಲಿಗೂ ನಮ್ಮ ಸಾಲಕ್ಕೂ ನಂಟೇನಿಲ್ಲ, ಆದರೂ ನನಗೆ ಖುಷಿಯಾಯಿತು. ‘ಇಂದು ನಗದು, ನಾಳೆ ಸಾಲ’ ಎಂದು ಬೋರ್ಡು ತೂಗುಹಾಕುವ ಕಿರಾಣಿ ಅಂಗಡಿಯವರಿಗೆ ಇದು ಮೊದಲೇ ಗೊತ್ತಿತ್ತು. ‘ಐ’, ‘ವೀ’ಗಳಿಗೆ ಶ್ಯಾಲ್, ಉಳಿದವರಿಗೆ ವಿಲ್ ಎಂದು ವ್ಯಾಕರಣ ಪುಸ್ತಕದ ರೆನ್ ಅಂಡ್ ಮಾರ್ಟಿನ್ ನಮ್ಮ ತಲೆಗೆ ತುಂಬಿದ್ದರು. ಈಗ ಶ್ಯಾಲ್ ಹೆಚ್ಚುಕಡಿಮೆ ನಿವೃತ್ತಿಯಾಗಿದೆ, ಎಲ್ಲರ ಹೊರೆಯೂ ವಿಲ್ ತಲೆಯ ಮೇಲೆ.

ಕ್ಲಾಸಿನಲ್ಲಿ ಶುರುಮಾಡಿದೆ. “ನಾಳೆ ನಿಮ್ಮಪ್ಪ ಏನು ಮಾಡ್ತಾರೆ? ವಿಲ್ ಹಾಕಿ ಹೇಳಿ.” 1955ರ ಅಕ್ಟೋಬರ್ 2ರಂದು ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಶುರುವಾದಂದಿನಿಂದ ಈ ಕಡೆಯ ಎಷ್ಟೋ ಮನೆಗಳ ಅನ್ನ ರೈಲು ಡಬ್ಬಿಗಳದ್ದು. ‘ಮೈ ಫಾದರ್ ವಿಲ್ ಮೇಕ್ ಟ್ರೇನ್’ ಎಂಬ ಉತ್ತರಕ್ಕೆ ಕಾದಿದ್ದೆ. ಮೊದಲ ಬೆಂಚಿನ ಹುಡುಗಿ ಎದ್ದು, “ಮೈ ಫಾದರ್ ವಿಲ್ ಸ್ಲೀಪ್, ಮಿಸ್. ನೈಟ್ ಶಿಫ್ಟ್” ಎಂದಳು. ಕೊನೆಯ ಬೆಂಚಿನ ಪೋರನದು ಬೇರೆ ತಕರಾರು: ‘ಟುಮಾರೋ’ ಅಂತ ಹೇಳಿಯಾದ ಮೇಲೆ ‘ವಿಲ್’ ಯಾಕೆ ಮಿಸ್? ಒಂದು ಸಾಲದೇ? ನನ್ನ ಕನ್ನಡದ ಜೀವ ಒಳಗೊಳಗೇ ಅವನಿಗೆ ತಲೆಯಾಡಿಸಿತು. ಬಾಯಿ ಮಾತ್ರ “ರೂಲ್ ಅದು” ಎಂದಿತು.

ನಿಷೇಧ ರೂಪ ಕಲಿಸುವುದು ಮಾತ್ರ ಬಲು ಸುಲಭವಾಯಿತು. ವಂದೇ ಭಾರತ್ ಹುಟ್ಟಿದ್ದು ಇಲ್ಲಿಯ ಫ್ಯಾಕ್ಟರಿಯಲ್ಲೇ. 2022ರ ನವೆಂಬರಿನಲ್ಲಿ ಶುರುವಾದ ಚೆನ್ನೈ–ಮೈಸೂರು ವಂದೇ ಭಾರತ್ ಈ ಸ್ಟೇಷನ್ನಿನ ಮೇಲೇ ಹಾದುಹೋಗುತ್ತದೆ, ಇಲ್ಲಿ ನಿಲ್ಲುವುದಿಲ್ಲ. “ಇಟ್ ವಿಲ್ ನಾಟ್ ಸ್ಟಾಪ್ ಎಟ್ ಪೆರಂಬೂರ್” ಎಂದು ಇಡೀ ಕ್ಲಾಸು ಒಂದೇ ಗಂಟಲಿನಲ್ಲಿ ಕೂಗಿತು. ತವರಿನ ಮುಂದೆಯೇ ಹೋಗಿ ಒಳಗೆ ಬಾರದ ಮಗಳ ಮೇಲಿನ ಸಿಟ್ಟು ಆ ದನಿಯಲ್ಲಿತ್ತು.

ಆ ಉತ್ಸಾಹದಲ್ಲಿ ನಾನು ತಪ್ಪು ಮಾಡಿದೆ. ಬೋರ್ಡಿನ ಮೇಲೆ ದುಂಡಗೆ ಬರೆದೆ: ‘ಐ ವಿಲ್ ಗೋ ಟು ಮೈಸೂರು. ಐ ವಿಲ್ ಬ್ರಿಂಗ್ ಮೈಸೂರ್ ಪಾಕ್.’

ರಜೆಗೆ ಹೋದೆ. ಕಾಫಿಪುಡಿ ಬಂತು, ವೀಳ್ಯದೆಲೆ ಬಂತು, ಅತ್ತೆ ಕೊಟ್ಟ ಹಪ್ಪಳದ ಡಬ್ಬ ಬಂತು. ರಜೆ ಮುಗಿದು ಕ್ಲಾಸಿಗೆ ಕಾಲಿಟ್ಟರೆ ನಲವತ್ತು ಜೊತೆ ಕಣ್ಣು ನನ್ನ ಬ್ಯಾಗಿನ ಮೇಲೆ.

“ಮಿಸ್, ಮೈಸೂರ್ ಪಾಕ್?”

“ಅದು ಎಕ್ಸಾಂಪಲ್‌ಪ್ಪಾ” ಎಂದೆ.

ನನ್ನ ವೃತ್ತಿಯಲ್ಲಿ ಅಷ್ಟು ದುರ್ಬಲವಾದ ವಾಕ್ಯವನ್ನು ನಾನು ಇನ್ನೊಂದು ಆಡಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ವಾಪಸು ಕಳಿಸಿದ ನಾಡಿನವಳು ನಾನು. ದೆವ್ವ ನಂಬಿ ಹೋಯಿತಂತೆ. ಮೂರನೇ ಕ್ಲಾಸು ನಂಬುವ ಪೈಕಿಯಲ್ಲ.

ಅಂದಿನಿಂದ ಕೊನೆಯ ಬೆಂಚಿನ ಪೋರನ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ವಾಕ್ಯ. ‘ಮಿಸ್ ವಿಲ್ ಬ್ರಿಂಗ್ ಮೈಸೂರ್ ಪಾಕ್ ಆನ್ ಮಂಡೇ.’ ಮರುದಿನ ಟ್ಯೂಸ್‌ಡೇ. ವ್ಯಾಕರಣ ಸರಿ, ಕಾಗುಣಿತ ಸರಿ, ಸಂಗತಿಯೊಂದು ಸುಳ್ಳು. ರೈಟ್ ಹಾಕದೆ ವಿಧಿಯಿಲ್ಲ. ಸಾಲದ ಪತ್ರಕ್ಕೆ ದಿನಾ ನಾನೇ ಸಹಿ ಹಾಕಿದಂತಾಯಿತು. ಡಿಸೆಂಬರಿನ ಹಾಫ್ ಇಯರ್ಲಿಯಲ್ಲಿ ಐದು ವಾಕ್ಯ ಕೇಳಿದ್ದಕ್ಕೆ ಐದೂ ಮೈಸೂರ್ ಪಾಕಿನವೇ. ಐದಕ್ಕೆ ಐದು ಕೊಟ್ಟೆ. ಅವನಿಗೆ ಕನ್ನಡ ಬಂದಿದ್ದರೆ ಇಷ್ಟು ಕಷ್ಟವಿರಲಿಲ್ಲ. ‘ಮಿಸ್ ತಂದಾರು’ ಎಂದು ಒಂದೇ ಸಲ ಬರೆದು ಸುಮ್ಮನಾಗುತ್ತಿದ್ದ. ಅರ್ಧ ಆಸೆ, ಅರ್ಧ ಅನುಮಾನ ಒಂದೇ ಪದದಲ್ಲಿ ಹಿಡಿಯುವ ಆ ರೂಪ ಇಂಗ್ಲಿಷಿನ ‘ವಿಲ್’ಗೆಲ್ಲಿ ಬರಬೇಕು?

ಪೊಂಗಲ್ ರಜೆಗೆ ಮತ್ತೆ ಊರಿಗೆ ಹೋದವಳು ಈ ಸಲ ಮೊದಲು ಸಿಹಿ ಅಂಗಡಿಗೆ ಹೋದೆ. ನಲವತ್ತು ತುಂಡು, ರಾತ್ರಿಯಿಡೀ ರೈಲಿನಲ್ಲಿ ತೊಡೆಯ ಮೇಲೆ. ಬೆಳಿಗ್ಗೆ ಕ್ಲಾಸಿನಲ್ಲಿ ಐದೇ ನಿಮಿಷಕ್ಕೆ ಡಬ್ಬ ಖಾಲಿ.

ಅಂದಿನ ಪಾಠ ಭೂತಕಾಲ. ಆಗ ಹೊಳೆಯಿತು: ‘ವಿಲ್’ ಪಕ್ಕದಲ್ಲಿ ‘ಬ್ರಿಂಗ್’ ಮೈ ಅಲುಗಿಸದೆ ಹಾಯಾಗಿ ಕೂರುತ್ತದೆ. ನಿಜವಾಗಿ ತಂದಾಗ ಮಾತ್ರ ಅದು ಗುರುತೇ ಸಿಗದಂತೆ ‘ಬ್ರಾಟ್’ ಆಗಬೇಕು. ತರುತ್ತೇನೆ ಎನ್ನುವವರಿಗೆ ಇಂಗ್ಲಿಷ್ ವ್ಯಾಕರಣ ಎಷ್ಟೊಂದು ರಿಯಾಯಿತಿ ಕೊಟ್ಟಿದೆ!

ಪೋರ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟ. ‘ಮಿಸ್ ಬ್ರಿಂಗ್ಡ್ ಮೈಸೂರ್ ಪಾಕ್.’ ಕೆಂಪು ಪೆನ್ನು ಎತ್ತಿದೆ. ವಾಕ್ಯದ ಪಕ್ಕದಲ್ಲಿ ತುಪ್ಪದ ಹೆಬ್ಬೆಟ್ಟಿನ ಗುರುತಿತ್ತು. ಮೇಲೆ ‘ಬ್ರಾಟ್’ ಎಂದು ಸಣ್ಣಗೆ ಬರೆದು, ಪೂರ್ತಿ ಅಂಕ ಕೊಟ್ಟೆ.